ನಲ್ಲಿ ನೀರು ಕಲಿಸಿದ ಪಾಠ

ಪಿಯುಸಿ ಪ್ರಾಕ್ಟಿಕಲ್ ಪರೀಕ್ಷೆ. ಕೊಟ್ಟ ಉಪ್ಪಿನಲ್ಲಿರುವ ಆನಯಾನ್, ಅಂದರೆ ಋಣ ಅಯಾನು, ಯಾವುದು ಅಂತ ಹೇಳಬೇಕಿತ್ತು. ಅವಸರದಲ್ಲಿ ನಲ್ಲಿ ನೀರಲ್ಲೇ ಉಪ್ಪು ಕರಗಿಸಿ ಸಿಲ್ವರ್ ನೈಟ್ರೇಟ್ ಹಾಕಿದೆ. ಬಿಳಿ ಪ್ರಕ್ಷೇಪ ಬಂತು. ‘ಕ್ಲೋರೈಡ್’ ಅಂತ ಬರೆದೇಬಿಟ್ಟೆ. ಉಪ್ಪಿನಲ್ಲಿದ್ದದ್ದು ನೈಟ್ರೇಟ್, ಕ್ಲೋರೈಡ್ ಇದ್ದದ್ದು ಬೋರ್‌ವೆಲ್ ನೀರಲ್ಲಿ! ಹೋದ ಅಂಕ ಹೋಯ್ತು.

ಮೊನ್ನೆ ಅಕ್ಕನ ಮಗಳು ಫೋನ್ ಮಾಡಿದಳು. “ಮಾಮಾ, ನಾಡಿದ್ದು ಪ್ರಾಕ್ಟಿಕಲ್, ಭಯ ಆಗ್ತಿದೆ.”

ನಾನಂದೆ: ಮೊದಲು ಡಿಸ್ಟಿಲ್ಡ್ ವಾಟರ್, ಆಮೇಲೆ ಉಳಿದದ್ದು. ಡೈಲ್ಯೂಟ್ ಆಸಿಡ್ ಹಾಕಿದಾಗ ಬುಸ್ಸಂತ ನೊರೆ ಉಕ್ಕಿ, ಆ ಅನಿಲಕ್ಕೆ ಸುಣ್ಣದ ತಿಳಿನೀರು ಹಾಲಿನಂತಾದರೆ ಕಾರ್ಬೊನೇಟ್. ಬೇರಿಯಂ ಕ್ಲೋರೈಡಿಗೆ ಬಂದ ಬಿಳಿ ಪ್ರಕ್ಷೇಪ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲೂ ಕರಗದಿದ್ದರೆ ಸಲ್ಫೇಟ್. ಕಂದು ಉಂಗುರ ಕಟ್ಟಿದರೆ ನೈಟ್ರೇಟ್.

“ಸಮೀಕರಣ?”

ಮನೆ ಲೆಕ್ಕದ ಹಾಗೇ, ಎರಡೂ ಕಡೆ ತಾಳೆಯಾಗಬೇಕು:

ಬೇರಿಯಂ ಕ್ಲೋರೈಡ್ + ಸೋಡಿಯಂ ಸಲ್ಫೇಟ್ → ಬೇರಿಯಂ ಸಲ್ಫೇಟ್ + 2 ಸೋಡಿಯಂ ಕ್ಲೋರೈಡ್

ಆ 2 ಮರೆತರೆ ಎಡಗಡೆ ಎರಡೆರಡಿದ್ದ ಸೋಡಿಯಂ, ಕ್ಲೋರಿನ್ ಬಲಗಡೆ ಒಂದೊಂದೇ ಆಗುತ್ತೆ.

ಪರೀಕ್ಷೆ ಮುಗಿಸಿ ಮತ್ತೆ ಫೋನ್ ಮಾಡಿದಳು. “ಮಾಮಾ, ಮೊದಲು ಬರೀ ನೀರಿಗೇ ಸಿಲ್ವರ್ ನೈಟ್ರೇಟ್ ಹಾಕಿ ನೋಡಿದೆ. ಬಿಳಿ ಆಗಲಿಲ್ಲ. ಆಮೇಲೇ ಉಪ್ಪು ಮುಟ್ಟಿದ್ದು!”

ಇಷ್ಟು ನನಗೆ ಅಂದು ಹೊಳೆದಿದ್ದರೆ!