ಆಲೆಮನೆ ಕಾಲದ ಯೀಸ್ಟ್ ಪುಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಆಲೆಮನೆ ನಡೆಯುತ್ತದೆ. ಗಾಣದಿಂದ ಇಳಿದ ಕಬ್ಬಿನ ಹಾಲನ್ನು ಮನೆಗೆ ತಂದು ಮರೆತರೆ ಸ್ವಲ್ಪ ಹೊತ್ತಿನಲ್ಲೇ ನೊರೆ ಏಳುತ್ತದೆ. ಯಾರೂ ಹೆಪ್ಪು ಹಾಕಿರುವುದಿಲ್ಲ. ಕಬ್ಬಿನ ಸಿಪ್ಪೆಯಲ್ಲಿ, ಗಾಣದ ಸಂದಿನಲ್ಲಿ ಇದ್ದ ಯೀಸ್ಟ್ ಸಕ್ಕರೆ ಸಿಕ್ಕ ಕೂಡಲೇ ಕೆಲಸ ಶುರು ಮಾಡಿರುತ್ತದೆ. ಮಳೆಗಾಲದಲ್ಲಿ ಜೋನಿ ಬೆಲ್ಲದ ಡಬ್ಬಿ ಉಕ್ಕುವುದೂ ಇಂಥದೇ ಜೀವಿಗಳಿಂದ. ಜೋನಿಯಲ್ಲಿ ನೀರಿನಂಶ ಮೂರರಲ್ಲೊಂದು ಪಾಲಿನಷ್ಟೇ ಇರುವುದರಿಂದ ಅವು ಹೆಚ್ಚಲಾರವು. ಆದರೆ ಆಷಾಢದ ಥಂಡಿ ಹೀರಿ ಮೇಲ್ಪದರ ತೆಳ್ಳಗಾದರೆ ಸಾಕು, ಹುಳಿ ವಾಸನೆ ಬರುತ್ತದೆ.

ಈ ಯೀಸ್ಟನ್ನು ಮನೆಯಲ್ಲೇ ಒಣಗಿಸಿ ಇಟ್ಟುಕೊಳ್ಳಬಹುದು. ಬೆಳೆಸುವುದು ಸುಲಭ, ಒಣಗಿಸುವುದೇ ಕಷ್ಟ.

ಒಂದು ಲೋಟ ಕಬ್ಬಿನ ಹಾಲಿಗೆ ಅಷ್ಟೇ ಕುದಿಸಿ ಆರಿಸಿದ ನೀರು, ಅರ್ಧ ನಿಂಬೆಹಣ್ಣಿನ ರಸ ಸೇರಿಸಿ ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿಡಬೇಕು. ನಿಂಬೆ ರುಚಿಗಲ್ಲ. ಕಬ್ಬಿನ ಹಾಲಿನಲ್ಲಿ ಲ್ಯುಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಅದು ಮೇಲುಗೈ ಪಡೆದರೆ ರಸ ಲೋಳೆಯಾಗಿ ನೂಲು ಬರುತ್ತದೆ. ಹುಳಿ ಅದನ್ನು ತಡೆಯುತ್ತದೆ, ಯೀಸ್ಟನ್ನು ಅಷ್ಟಾಗಿ ಕಾಡುವುದಿಲ್ಲ. ನೂಲು ಬಂದರೆ, ಬೂಸ್ಟು ಹಿಡಿದರೆ ಮುಲಾಜಿಲ್ಲದೆ ಚೆಲ್ಲಿ.

ನೊರೆ ಇಳಿದ ಮೇಲೆ ಇನ್ನೊಂದು ದಿನ ಕಾಯಿರಿ. ಹೆಚ್ಚಿನವರು ಅವಸರ ಮಾಡುವುದು ಇಲ್ಲೇ. ತಿನ್ನಲು ಸಕ್ಕರೆ ಮುಗಿದಾಗ ಯೀಸ್ಟ್ ತನ್ನೊಳಗೆ ಟ್ರೆಹಲೋಸ್ ಎಂಬ ಸಕ್ಕರೆಯನ್ನು ಕೂಡಿಡುತ್ತದೆ. ನೀರು ಆರಿದಾಗ ಜೀವಕೋಶದ ಪೊರೆ ಒಡೆಯದಂತೆ ಕಾಯುವುದು ಅದೇ. ನೊರೆ ಉಕ್ಕುತ್ತಿರುವಾಗ ಒಣಗಿಸಿದರೆ ಬಹುಪಾಲು ಸತ್ತೇಹೋಗುತ್ತದೆ.

ಮೇಲಿನ ತಿಳಿ ಬಸಿದು, ತಳದ ಗಸಿಗೆ ಹುರಿದು ಆರಿಸಿದ ಅಕ್ಕಿ ಹಿಟ್ಟು ಬೆರೆಸಿ, ಉದುರುದುರಾಗುವಂತೆ ತಿಕ್ಕಿ, ತೆಳುವಾಗಿ ಹರವಬೇಕು. ಬಿಸಿಲು ಬೇಡ, ಗಾಳಿಯಾಡುವ ನೆರಳು ಸಾಕು. ಒಲೆಯ ಮೇಲಿನ ಅಟ್ಟವೂ ಬೇಡ. 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಯೀಸ್ಟಿಗೆ ಅಪಾಯ. ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು. ಅಂಗಡಿಯ ಒಣ ಯೀಸ್ಟಿನಲ್ಲಿ ತೇವಾಂಶ ಶೇ 8ಕ್ಕಿಂತ ಕಡಿಮೆ. ಅದಕ್ಕೇ ಈ ಕೆಲಸಕ್ಕೆ ಆಲೆಮನೆಯ ಒಣ ಹವೆಯೇ ಸರಿ. ಹಪ್ಪಳ ಮೆತ್ತಗಾಗುವ ಮಳೆಗಾಲದಲ್ಲಿ ಇದನ್ನು ಶುರು ಮಾಡುವುದೇ ತಪ್ಪು. ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಬಳಸುವಾಗ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ. ತಣ್ಣೀರಾದರೆ ಪೊರೆ ಸೋರುತ್ತದೆ. ಚೂರು ಬೆಲ್ಲ ಹಾಕಿ ಒಂದೆರಡು ತಾಸಿನಲ್ಲಿ ನೊರೆ ಬಂದರೆ ಜೀವ ಇದೆ ಎಂದರ್ಥ.

ನಾರ್ವೆಯ ರೈತರು ಮನೆಯ ಬಿಯರಿಗೆ ಹೀಗೆಯೇ ಯೀಸ್ಟ್ ಉಳಿಸಿಕೊಂಡರು. ಮರದ ಬಳೆಗಳನ್ನು ಗಸಿಯಲ್ಲಿ ಅದ್ದಿ ಒಣಗಿಸಿ ತೂಗುಹಾಕಿ, ಮುಂದಿನ ಬಾರಿಗೆ ಅದನ್ನೇ ಬಳಸುತ್ತಿದ್ದರು. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ ಮೇಲೆ ಕಾರ್ಖಾನೆಗಳು ಆ ದಾರಿ ಹಿಡಿದವು. ನಮ್ಮಲ್ಲಿ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ, ಮನೆಯೊಳಗೆ ಮಾಡಿದರೂ ಅಷ್ಟೇ. ಈ ಪುಡಿಯನ್ನು ಬ್ರೆಡ್ಡು, ಬನ್ನಿಗೆ ಬಳಸಿ. ಹಿಟ್ಟು ಉಬ್ಬಲು ಪೇಟೆಯ ಯೀಸ್ಟಿಗಿಂತ ಹೆಚ್ಚು ಹೊತ್ತು ಬೇಕು, ಆದರೆ ರುಚಿಯಲ್ಲಿ ಸಣ್ಣ ಹುಳಿ ಇರುತ್ತದೆ. ನನಗೆ ಅದೇ ಇಷ್ಟ.

ಕಬ್ಬಿನ ಹಾಲಿನ ಈ ಯೀಸ್ಟುಗಳು ಯಾವ ಜಾತಿಯವು, ಊರಿಂದೂರಿಗೆ ಹೇಗೆ ಬೇರೆ ಎಂದು ಪ್ರಯೋಗಾಲಯದಲ್ಲಿ ನೋಡಬೇಕಾದ ಕೆಲಸ ಇದೆ. ಶಿರಸಿಯಲ್ಲೇ ಅರಣ್ಯ ಮಹಾವಿದ್ಯಾಲಯವಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ಮುಂದಿನ ಹಂಗಾಮಿನಲ್ಲಿ ಅವರು ನಾಲ್ಕು ಗಾಣಗಳ ರಸವನ್ನಾದರೂ ಪರೀಕ್ಷಿಸಲಿ, ಒಣಗಿಸುವ ಕ್ರಮವನ್ನು ಹೆಣ್ಣುಮಕ್ಕಳ ಸಂಘಗಳಿಗೆ ಕಲಿಸಲಿ.