ಯೆಜ್ಡಿಯ ಎಣ್ಣೆ ಎಲ್ಲಿಗೆ ಹೋಯಿತು?

ನೆರೂಳಿನ ಓದುಗರೊಬ್ಬರ ಪ್ರಶ್ನೆ: ಮಳೆಗಾಲವಿಡೀ ನಿಲ್ಲಿಸಿದ್ದ ಹಳೆಯ ಯೆಜ್ಡಿ ಈಗ ದಟ್ಟ ಬಿಳಿ ಹೊಗೆ ಉಗುಳುತ್ತಿದೆ. ಗೇರ್ ಎಣ್ಣೆ ಇಳಿಯುತ್ತಿದೆ, ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಹಾಗಾದರೆ ಎಣ್ಣೆ ಎಲ್ಲಿಗೆ ಹೋಯಿತು?

ಎಂಜಿನ್ನೇ ಕುಡಿದಿದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಈ ಬೈಕುಗಳದು ಗಾಳಿಯಿಂದ ತಣಿಯುವ ಟೂ-ಸ್ಟ್ರೋಕ್ ಎಂಜಿನ್. ಅದರ ಕ್ರ್ಯಾಂಕ್‌ಕೇಸನ್ನು ಕಮ್ಮಾರನ ತಿದಿ ಎಂದುಕೊಳ್ಳಿ. ಪಿಸ್ಟನ್ ಮೇಲೇರಿದಾಗ ತಿದಿ ಕಾರ್ಬುರೇಟರಿನಿಂದ ಪೆಟ್ರೋಲು ಬೆರೆತ ಗಾಳಿಯನ್ನು ಎಳೆದುಕೊಳ್ಳುತ್ತದೆ, ಇಳಿದಾಗ ಅದನ್ನೇ ಒತ್ತಿ ಸಿಲಿಂಡರಿಗೆ ಊದುತ್ತದೆ. ನಿಮಿಷಕ್ಕೆ 3000 ಸುತ್ತು ಓಡಿದರೆ ಸೆಕೆಂಡಿಗೆ 50 ಸಲ! ತಿದಿಯ ತೊಗಲು ಹರಿದರೆ ಕುಲುಮೆ ಕೆಟ್ಟಿತು. ಇಲ್ಲಿ ತೊಗಲಿನ ಕೆಲಸ ಕ್ರ್ಯಾಂಕ್‌ಶಾಫ್ಟಿನ ಎರಡು ಬದಿಯ ಆಯಿಲ್ ಸೀಲುಗಳದು. ಮೊದಮೊದಲು ಸೀಲುಗಳನ್ನು ಮಾಡುತ್ತಿದ್ದುದೂ ಚರ್ಮದಿಂದಲೇ. ಚರ್ಮ ಹದ ಮಾಡುತ್ತಿದ್ದ ಜರ್ಮನಿಯ ಫ್ರಾಯ್ಡನ್‌ಬರ್ಗ್ ಕಂಪನಿ 1930ರ ದಶಕದಲ್ಲಿ ವಾಲ್ಟರ್ ಸಿಮ್ಮರ್ ರೂಪಿಸಿದ ಸೀಲುಗಳನ್ನು ಮಾರುಕಟ್ಟೆಗೆ ತಂದಿತು. ಕೃತಕ ರಬ್ಬರ್ ಬಂದದ್ದು ಆಮೇಲೆ.

ಗೇರ್ ಎಣ್ಣೆಯಿರುವ ಕ್ಲಚ್ ಬದಿಯ ಸೀಲು ಹೋದರೆ ತಿದಿ ಆ ಎಣ್ಣೆಯನ್ನು ಹೀರುತ್ತದೆ, ಅದು ಉರಿದು ಹೊಗೆಯಾಗುತ್ತದೆ. ಇನ್ನೊಂದು ಬದಿಯದು ಹೋದರೆ ಅಪಾಯ ಹೆಚ್ಚು, ಏಕೆಂದರೆ ಹೊಗೆಯ ಸುಳಿವೇ ಇರುವುದಿಲ್ಲ. ಬರಿಯ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಬಿಸಿ ಏರಿ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಸೀಲಿನ ರಬ್ಬರಿಗೆ ಶತ್ರುಗಳು ಬಿಸಿ ಮತ್ತು ವಯಸ್ಸು. 1998ರವರೆಗೆ ಗಾಳಿಯಿಂದಲೇ ತಣಿಯುತ್ತಿದ್ದ ಪೋರ್ಷೆ 911 ಕಾರಿನಲ್ಲೂ ಎಣ್ಣೆ ಹಿಂತಿರುಗುವ ಕೊಳವೆಗಳ ರಬ್ಬರ್ ಉಂಗುರಗಳು ಗಡಸಾಗಿ ಸೋರುತ್ತವೆ. ನೆರೂಳಿನಂಥ ಕಡಲಂಚಿನ ಊರಲ್ಲಿ ತುಕ್ಕೂ ಸೇರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಶಾಫ್ಟಿನ ಮೇಲೆ ತುಕ್ಕಿನ ಚುಕ್ಕೆ ಮೂಡಿದರೆ, ಗಾಡಿ ಹೊರಟ ದಿನ ಅದು ಶಾಫ್ಟಿಗೆ ಒತ್ತಿಕೊಂಡಿರುವ ಸೀಲಿನ ಅಂಚನ್ನು, ಅಂದರೆ ತುಟಿಯನ್ನು, ಗೀರುತ್ತದೆ.

ಸೋರಿಕೆ ನಿಲ್ಲಿಸುವ ದ್ರವವೆಂದು ಬಾಟಲಿಗಳಲ್ಲಿ ಮಾರುವುದನ್ನು ನಂಬಬೇಡಿ. ಗಡಸಾದ ರಬ್ಬರನ್ನು ಅವು ಸ್ವಲ್ಪ ಊದಿಸಬಹುದು, ಹರಿದ ತುಟಿಯನ್ನು ಹೊಲಿಯಲಾರವು. ಒಳ್ಳೆಯ ಮೆಕ್ಯಾನಿಕ್ ಎಂಜಿನ್ನಿನ ಬಾಯಿಗಳನ್ನೆಲ್ಲ ಮುಚ್ಚಿ, ಪಂಪಿನಿಂದ ಅಲ್ಪ ಒತ್ತಡ ಕೊಟ್ಟು, ಅದು ಇಳಿಯುತ್ತದೆಯೇ ಎಂದು ನೋಡುತ್ತಾನೆ. ಸೋಪು ನೀರಿನ ಗುಳ್ಳೆ ಜಾಗ ತೋರಿಸುತ್ತದೆ. ಆಮೇಲೆ ಶಾಫ್ಟನ್ನು ನುಣುಪುಗೊಳಿಸಿ, ಎರಡೂ ಬದಿಯ ಸೀಲು ಬದಲಿಸಿ. ಎರಡಕ್ಕೂ ವಯಸ್ಸು ಒಂದೇ. ಅಲ್ಲಿಯವರೆಗೆ ಗಾಡಿಯನ್ನು ದೂರ ಓಡಿಸಬೇಡಿ. ಸೀಲು ಅಗ್ಗ, ಪಿಸ್ಟನ್ ದುಬಾರಿ.