ಹೊಳೆಯುವುದೆಲ್ಲ ಖಡ್ಗವಲ್ಲ

ಕೆಲವರಿಗೆ ಅಂಚೆಚೀಟಿ, ಕೆಲವರಿಗೆ ಹಳೆ ನಾಣ್ಯ, ಇನ್ನು ಕೆಲವರಿಗೆ ಬ್ರ್ಯಾಂಡೆಡ್ ಶೂ. ನನಗೆ ಹಿಡಿದಿರುವುದು ಖಡ್ಗದ ಹುಚ್ಚು. ಮಧ್ಯಯುಗದ ಯುರೋಪಿನ ಯೋಧರು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರಲ್ಲ, ಆ ಮಾದರಿಯ ನೇರ ಅಲಗಿನ ಉದ್ದನೆಯ ಖಡ್ಗ. ಅದೂ ಗೋಡೆಗೆ ನೇತುಹಾಕುವ ಅಲಂಕಾರದ ವಸ್ತುವಲ್ಲ. ಬೀಸಿದರೆ ಕೈಯಲ್ಲೇ ಉಳಿಯುವ, ಇನ್ನೊಂದು ಖಡ್ಗಕ್ಕೆ ತಾಗಿದರೆ ತಡೆದುಕೊಳ್ಳುವ, ನಿಜವಾಗಿ ಕೆಲಸ ಮಾಡುವಂಥದ್ದು. ಸದ್ಯ ನನ್ನ ಬಳಿ ಇರುವುದು ಎರಡೇ ಎರಡು. ‘ಎರಡಕ್ಕೂ ಸಂಗ್ರಹ ಅಂತಾರೇನಪ್ಪಾ?’ ಎಂದು ಗೆಳೆಯರು ಕಾಲೆಳೆಯುತ್ತಾರೆ. ಅಂತಾರೆ. ಯಾಕೆಂದು ಹೇಳುತ್ತೇನೆ.

ಎಂಜಿನಿಯರಿಂಗ್ ಮುಗಿಸಿ ಎಂ.ಎಸ್. ಮಾಡಲು ಜರ್ಮನಿಗೆ ಬಂದವನು ನಾನು. ನಾನಿರುವ ಕಡೆಯಿಂದ ಸೋಲಿಂಗೆನ್ ಎಂಬ ಊರು ಹತ್ತಿರ. ನಮಗೆ ಮೈಸೂರು ಎಂದರೆ ರೇಷ್ಮೆ ನೆನಪಾಗುವಂತೆ ಇಲ್ಲಿಯವರಿಗೆ ಸೋಲಿಂಗೆನ್ ಎಂದರೆ ಅಲಗು. ಮಧ್ಯಯುಗದಿಂದಲೂ ಖಡ್ಗ, ಚಾಕು, ಕತ್ತರಿ ಮಾಡುವುದೇ ಆ ಊರಿನ ಕಸುಬು. ಬೇರೆಡೆ ತಯಾರಾದ ಚಾಕುವಿನ ಮೇಲೆ ಆ ಊರಿನ ಹೆಸರು ಒತ್ತುವಂತಿಲ್ಲ ಎಂದು ಕಾನೂನೇ ಇದೆ. ಅಲ್ಲಿನ ಗ್ರೇಫ್ರಾತ್ ಬಡಾವಣೆಯಲ್ಲಿ, ಒಂದು ಕಾಲಕ್ಕೆ ಕ್ರೈಸ್ತ ಸನ್ಯಾಸಿನಿಯರ ಮಠವಾಗಿದ್ದ ಕಟ್ಟಡದಲ್ಲಿ, ಅಲಗುಗಳಿಗೆಂದೇ ಒಂದು ವಸ್ತುಸಂಗ್ರಹಾಲಯವಿದೆ. ನನ್ನ ಹುಚ್ಚಿಗೆ ಬೀಜ ಬಿದ್ದದ್ದು ಅಲ್ಲಿ.

ಹತ್ತು ಕಿಲೊ ಎಂಬ ಕಟ್ಟುಕತೆ

ಖಡ್ಗ ಎಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ, ‘ಎಷ್ಟು ಭಾರ ಇರುತ್ತೆ?’ ಸಿನಿಮಾ ನೋಡಿ ನೋಡಿ ನಮ್ಮ ತಲೆಯಲ್ಲಿ ಹತ್ತು, ಹದಿನೈದು ಕಿಲೊ ಎಂಬ ಲೆಕ್ಕ ಕೂತುಬಿಟ್ಟಿದೆ. ವಾಸ್ತವವೇ ಬೇರೆ. ಒಂದು ಕೈಯಲ್ಲಿ ಹಿಡಿಯುವ ಯುರೋಪಿನ ಮಧ್ಯಯುಗದ ಖಡ್ಗ ಸಾಮಾನ್ಯವಾಗಿ 1ರಿಂದ 1.4 ಕಿಲೊ ತೂಗುತ್ತದೆ. ಎರಡು ಕೈಯಲ್ಲಿ ಹಿಡಿಯುವ ‘ಲಾಂಗ್‌ಸೋರ್ಡ್’ ಕೂಡ ಹೆಚ್ಚಿನಂಶ 2 ಕಿಲೊ ದಾಟುವುದಿಲ್ಲ. ಗಂಟೆಗಟ್ಟಲೆ ಹೋರಾಡಬೇಕಾದವನು ಗುಂಡುಕಲ್ಲು ಹೊತ್ತು ತಿರುಗುತ್ತಾನೆಯೇ?

ತೂಕಕ್ಕಿಂತ ಮುಖ್ಯವಾದದ್ದು ಸಮತೋಲ. ಖಡ್ಗದ ಹಿಡಿಯ ತುದಿಯಲ್ಲಿ ಒಂದು ಲೋಹದ ಗುಂಡು ಇರುತ್ತದೆ. ಅದಕ್ಕೆ ಪಾಮೆಲ್ ಎನ್ನುತ್ತಾರೆ. ನೋಡಲು ಅಲಂಕಾರ, ಮಾಡುವ ಕೆಲಸ ತಕ್ಕಡಿಯದು. ಉದ್ದನೆಯ ಅಲಗಿನ ಭಾರವನ್ನು ಅದು ಹಿಂದಕ್ಕೆ ಎಳೆದು ಕೈಯ ಸಮೀಪ ತರುತ್ತದೆ. ಅಲಗಿನ ಕೆಳಗೆ ಒಂದು ಬೆರಳಿಟ್ಟು ಖಡ್ಗವನ್ನು ತೂಗಿಸಿ ನೋಡಿ. ಹಿಡಿಯ ಮೇಲಿನ ಅಡ್ಡಪಟ್ಟಿಯಿಂದ ನಾಲ್ಕು ಬೆರಳಿನಿಂದ ಒಂದು ಗೇಣಿನೊಳಗೆ ಅದು ನೆಟ್ಟಗೆ ನಿಂತರೆ ಕೈಗೆ ಒಗ್ಗುವ ಖಡ್ಗ ಎಂದು ಸಾಮಾನ್ಯವಾಗಿ ಹೇಳಬಹುದು. ಅದಕ್ಕಿಂತ ಬಹಳ ಮುಂದಿದ್ದರೆ ಕೊಡಲಿ ಬೀಸಿದ ಹಾಗಾಗುತ್ತದೆ.

ಹಿಡಿಯೊಳಗಿನ ಬಾಲ

ಖಡ್ಗ ಕೊಳ್ಳುವಾಗ ನೋಡಬೇಕಾದದ್ದು ಕಣ್ಣಿಗೆ ಕಾಣುವುದೇ ಇಲ್ಲ. ಅದು ಹಿಡಿಯ ಒಳಗಿರುತ್ತದೆ.

ಊರಲ್ಲಿ ಕುಡುಗೋಲಿನ ಹಿಡಿ ಕಿತ್ತುಬಂದದ್ದನ್ನು ನೋಡಿದ್ದೀರಾ? ಅಲಗಿನ ಹಿಂಭಾಗ ಬಾಲದಂತೆ ಚೂಪಾಗಿ ಮರದೊಳಗೆ ಹೊಕ್ಕಿರುತ್ತದೆ. ಖಡ್ಗಕ್ಕೂ ಹಾಗೆಯೇ ಒಂದು ಬಾಲವಿದೆ, ಹೆಸರು ಟ್ಯಾಂಗ್. ಒಳ್ಳೆಯ ಖಡ್ಗದಲ್ಲಿ ಅಲಗು ಮತ್ತು ಬಾಲ ಒಂದೇ ತುಂಡು ಉಕ್ಕು. ಬಾಲ ಅಗಲವಾಗಿದ್ದು, ಹಿಡಿಯನ್ನು ಹಾದು, ಪಾಮೆಲ್ಲಿನ ತೂತಿನಿಂದ ಆಚೆ ಬಂದಿರುತ್ತದೆ. ಆ ತುದಿಯನ್ನು ಕಾಯಿಸಿ, ಬಡಿದು, ರಿವೆಟ್ಟಿನಂತೆ ಚಪ್ಪಟೆ ಮಾಡಿರುತ್ತಾರೆ. ಅಲುಗಾಡುವ ಮಾತೇ ಇಲ್ಲ.

ಅಗ್ಗದ ‘ಶೋಪೀಸ್’ಗಳಲ್ಲಿ ಅಲಗಿನ ಬುಡಕ್ಕೆ ಒಂದು ತೆಳು ಸರಳನ್ನು ವೆಲ್ಡ್ ಮಾಡಿ ತುದಿಗೆ ನಟ್ಟು ಹಾಕಿರುತ್ತಾರೆ. ಮೇಲೆ ಚರ್ಮ, ಹಿತ್ತಾಳೆ, ಸಿಂಹದ ಮುಖ ಎಲ್ಲ ಇರುತ್ತದೆ. ಎರಡು ಸಲ ಜೋರಾಗಿ ಬೀಸಿದರೆ ವೆಲ್ಡಿಂಗ್ ಬಿಟ್ಟುಕೊಂಡು ಅಲಗು ಬಾಣದಂತೆ ಹಾರಿಹೋಗಬಹುದು. ಎದುರಿಗೆ ಯಾರಾದರೂ ಇದ್ದರೆ? ಆದ್ದರಿಂದ ಬೆಲೆ ಕೇಳುವ ಮೊದಲು ಟ್ಯಾಂಗ್ ಹೇಗಿದೆ ಎಂದು ಕೇಳಬೇಕು. ಉತ್ತರ ಹೇಳಲು ತಡಬಡಾಯಿಸುವ ಅಂಗಡಿಯಿಂದ ನಮಸ್ಕಾರ ಹೇಳಿ ಹೊರಬರಬೇಕು.

ಹದ ತಪ್ಪಿದರೆ

ಇನ್ನೊಂದು ಪ್ರಶ್ನೆ, ಯಾವ ಉಕ್ಕು? ಮಿರಿಮಿರಿ ಮಿಂಚುವ ಸ್ಟೇನ್‌ಲೆಸ್ ಸ್ಟೀಲ್ ಅಡುಗೆಮನೆಯ ಚಾಕುವಿಗೆ ಸರಿ. ಮೂರು ಅಡಿ ಉದ್ದದ ಅಲಗಿಗೆ ಬಳಸಿದರೆ ಏಟಿಗೆ ಮುರಿಯುವ ಅಪಾಯ ಹೆಚ್ಚು. ಬಳಕೆಯ ಖಡ್ಗಗಳಿಗೆ ಸಾಮಾನ್ಯವಾಗಿ ಬೇಕಾಗುವುದು ಕಾರ್ಬನ್ ಇರುವ ಸ್ಪ್ರಿಂಗ್ ಉಕ್ಕು. ನಮ್ಮ ಲಾರಿಗಳ ಲೀಫ್ ಸ್ಪ್ರಿಂಗಿನಂಥದ್ದು, ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ.

ಉಕ್ಕು ಒಳ್ಳೆಯದಿದ್ದರೆ ಸಾಲದು, ಹದವೂ ಸರಿಯಿರಬೇಕು. ಅಲಗನ್ನು 800 ಡಿಗ್ರಿ ಸೆಲ್ಸಿಯಸ್ ದಾಟುವಷ್ಟು ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಆಗ ಅದು ಗಾಜಿನಂತೆ ಗಡುಸಾಗುತ್ತದೆ, ಗಾಜಿನಂತೆಯೇ ಒಡೆಯುತ್ತದೆ ಕೂಡ. ಅದಕ್ಕೇ ಕಡಿಮೆ ಶಾಖದಲ್ಲಿ ಇನ್ನೊಮ್ಮೆ ಕಾಯಿಸಿ ಗಡುಸನ್ನು ಸ್ವಲ್ಪ ಇಳಿಸುತ್ತಾರೆ. ಇದೇ ಟೆಂಪರಿಂಗ್. ಗಮ್ಮತ್ತು ಏನೆಂದರೆ, ಒಳ್ಳೆಯ ಖಡ್ಗ ಒಳ್ಳೆಯ ಅಡುಗೆ ಚಾಕುವಿಗಿಂತ ಮೆತ್ತಗಿರುತ್ತದೆ. ಗಡುಸು ಅಳೆಯುವ ರಾಕ್‌ವೆಲ್ ಮಾಪನದಲ್ಲಿ ಚಾಕು 56ರ ಆಸುಪಾಸು, ಖಡ್ಗ ಸುಮಾರು 50. ಏಟು ತಿನ್ನಬೇಕಾದದ್ದು ತುಸು ಬಾಗಲು ಕಲಿತಿರಬೇಕು.

ಇಲ್ಲೊಂದು ಹೆಮ್ಮೆಯ ಮಾತು. ಕ್ಲಾಸಿನಲ್ಲಿ ಭಾರತದ ಹಳೆಯ ಉಕ್ಕಿನ ಪ್ರಸ್ತಾಪ ಬಂದಾಗ ‘ವೂಟ್ಜ್’ ಎಂಬ ಪದ ಕೇಳಿದೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಉಕ್ಕಿನ ಕುರಿತು ಪ್ರಬಂಧ ಮಂಡಿಸಿದಾಗ ಬಳಸಿದ ಹೆಸರು ಅದು. ಮೂಲ ಎಲ್ಲಿಯದು ಅಂದುಕೊಂಡಿರಿ? ನಮ್ಮ ‘ಉಕ್ಕು’ ಎಂಬ ಪದವೇ ಬಾಯಿಂದ ಬಾಯಿಗೆ ಬದಲಾಗಿ ಹಾಗಾಯಿತು ಎಂಬುದು ಹೆಚ್ಚು ಜನ ಒಪ್ಪುವ ವಿವರಣೆ. ಇಷ್ಟೇ ಅಲ್ಲ, ಇವತ್ತು ಯುರೋಪ್, ಅಮೆರಿಕದಲ್ಲಿ ಮಾರಾಟವಾಗುವ ಮಧ್ಯಯುಗದ ಮಾದರಿಯ ಖಡ್ಗಗಳಲ್ಲಿ ಎಷ್ಟೋ ತಯಾರಾಗುವುದು ನಮ್ಮ ಡೆಹ್ರಾಡೂನಿನಲ್ಲಿ. 1943ರಲ್ಲಿ ಶುರುವಾದ ವಿಂಡ್‌ಲಾಸ್ ಸ್ಟೀಲ್‌ಕ್ರಾಫ್ಟ್ಸ್ ಅಲ್ಲಿಯದು.

ಹೆಮಾ ಯಾರು?

ನನ್ನ ಸಲಹೆ ಕೇಳಿದರೆ, ಮೊದಲ ಆರು ತಿಂಗಳು ಏನನ್ನೂ ಕೊಳ್ಳಬೇಡಿ. ಬೇರೆಯವರ ಖಡ್ಗ ಹಿಡಿದು ಕಲಿಯಿರಿ. ಇಲ್ಲಿ ಅದಕ್ಕೆ ಕ್ಲಬ್‌ಗಳಿವೆ. ಐತಿಹಾಸಿಕ ಯುರೋಪಿಯನ್ ಸಮರಕಲೆ ಎಂಬುದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ‘ಹೆಮಾ’ ಎನ್ನುತ್ತಾರೆ. ‘ಶನಿವಾರ ಹೆಮಾ ಇದೆ, ಫೋನ್ ಎತ್ತೋಕಾಗಲ್ಲ’ ಎಂದಿದ್ದಕ್ಕೆ ಅಮ್ಮ ಮೂರು ದಿನ ಸುಮ್ಮನಿದ್ದು, ‘ಹುಡುಗಿ ನಮ್ಮ ಕಡೆಯವಳೇನೋ?’ ಎಂದು ಕೇಳಿದರು!

ಇಲ್ಲಿಯ ವಿದ್ಯೆ ಗುರುಪರಂಪರೆಯಿಂದ ನೇರವಾಗಿ ಬಂದದ್ದಲ್ಲ. ನಡುವೆ ಕೊಂಡಿ ಕಳಚಿಹೋಗಿತ್ತು. ಹಳೆಯ ಹಸ್ತಪ್ರತಿಗಳನ್ನು ಓದಿ, ಚಿತ್ರ ನೋಡಿ, ಪ್ರಯೋಗ ಮಾಡಿ ಮತ್ತೆ ಕಟ್ಟಿದ್ದಾರೆ. ಅವುಗಳಲ್ಲಿ ಉಳಿದುಬಂದ ಅತಿ ಹಳೆಯದು 14ನೇ ಶತಮಾನದ ಆರಂಭದ್ದು, ಜರ್ಮನಿಯಲ್ಲಿ ಬರೆದದ್ದು, ಈಗ ಇಂಗ್ಲೆಂಡಿನ ಲೀಡ್ಸ್‌ನ ರಾಯಲ್ ಆರ್ಮರೀಸ್‌ನಲ್ಲಿದೆ. ಒಬ್ಬ ಪಾದ್ರಿ ತನ್ನ ಶಿಷ್ಯನಿಗೆ ಖಡ್ಗ ಮತ್ತು ಪುಟ್ಟ ಗುರಾಣಿಯ ಪಾಠ ಹೇಳುವ ಚಿತ್ರಗಳು ಅದರಲ್ಲಿವೆ. ಕೊನೆಯ ಪುಟಗಳಲ್ಲಿ ಶಿಷ್ಯನ ಜಾಗಕ್ಕೆ ವಾಲ್‌ಪುರ್ಗಿಸ್ ಎಂಬ ಹೆಣ್ಣುಮಗಳು ಬರುತ್ತಾಳೆ. ಏಳುನೂರು ವರ್ಷ ಹಿಂದೆ!

ಮೊದಲ ದಿನದ ಪಾಠ ಹೊಡೆಯುವುದಲ್ಲ. ಖಡ್ಗವನ್ನು ಇನ್ನೊಬ್ಬರಿಗೆ ಕೊಡುವುದು ಹೇಗೆ, ಕೆಳಗಿಡುವುದು ಹೇಗೆ ಎಂಬುದು. ನಮ್ಮಜ್ಜಿ ಕುಡುಗೋಲನ್ನು ಕೈಯಿಂದ ಕೈಗೆ ಕೊಡಲು ಬಿಡುತ್ತಿರಲಿಲ್ಲ, ನೆಲದ ಮೇಲಿಡು, ಅವರೇ ತಗೊಳ್ಳಲಿ ಎನ್ನುತ್ತಿದ್ದರು. ಮೂಢನಂಬಿಕೆ ಎಂದು ನಗುತ್ತಿದ್ದೆವು. ಆ ಮಾತಿನ ಒಳಗಿರುವ ಎಚ್ಚರ ಅರ್ಥವಾದದ್ದು ಇಲ್ಲಿ.

ನನ್ನ ಮೊದಲ ಖಡ್ಗ ‘ಫೆಡರ್’. ಅಭ್ಯಾಸಕ್ಕೆಂದೇ ಮಾಡಿದ ಮೊಂಡು ಅಂಚಿನ, ಚುಚ್ಚಿದರೆ ಬಾಗುವ ಎರಡು ಕೈಯ ಖಡ್ಗ. ಸುಮಾರು 300 ಯುರೊ, ಅಂದರೆ 30 ಸಾವಿರ ರೂಪಾಯಿ ಹತ್ತಿರ. ಪಾರ್ಟ್‌ಟೈಮ್ ಕೆಲಸದ ದುಡ್ಡಿನಲ್ಲಿ ಕೂಡಿಡಲು ಐದು ತಿಂಗಳು ಹಿಡಿಯಿತು. ಮುಖಕ್ಕೆ ಮಾಸ್ಕ್, ಗಟ್ಟಿ ಕೈಗವಸು, ದಪ್ಪ ಜಾಕೆಟ್ ಬೇರೆ ಬೇಕು. ಅವನ್ನು ಮೊದಲು ಕೊಂಡು ಖಡ್ಗವನ್ನು ಆಮೇಲೆ ಕೊಳ್ಳುವುದು ಜಾಣತನ.

ಎರಡನೆಯದಕ್ಕೆ ಕಾರಣ ಬೇಕು

ಮುಂದೆ ಏನು ಕೊಳ್ಳಬೇಕು ಎನ್ನುವುದಕ್ಕೆ ದಾರಿ ತೋರಿಸುವವರು ಎವರ್ಟ್ ಓಕ್‌ಶಾಟ್. ಮಧ್ಯಯುಗದ ಖಡ್ಗಗಳನ್ನು ಅಲಗಿನ ಆಕಾರ ನೋಡಿ 10ರಿಂದ 22ರವರೆಗೆ ವಿಧಗಳಾಗಿ ವಿಂಗಡಿಸಿದ ಇಂಗ್ಲಿಷ್ ಸಂಶೋಧಕ. ಹನ್ನೆರಡನೇ ವಿಧದ್ದು ಅಗಲ ಅಲಗಿನ, ಕಡಿಯಲು ಹೇಳಿಮಾಡಿಸಿದ ಖಡ್ಗ. ಸರಪಳಿ ಕವಚದ ಕಾಲದ್ದು. ಮುಂದೆ ಉಕ್ಕಿನ ಹಲಗೆಯ ಕವಚ ಬಂತು, ಕಡಿದರೆ ಉಪಯೋಗವಿಲ್ಲದಂತಾಯಿತು. ಆಗ ಬಂದದ್ದು ಹದಿನೈದನೇ ವಿಧ. ಬುಡದಲ್ಲಿ ಅಗಲ, ತುದಿಯಲ್ಲಿ ಸೂಜಿ. ಕವಚದ ಸಂದಿಯಲ್ಲಿ ಚುಚ್ಚುವುದಕ್ಕೆ. ಕವಚ ಬದಲಾದಂತೆ ಖಡ್ಗ ಬದಲಾಯಿತು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಎರಡು ಶತಮಾನಗಳ ಚರಿತ್ರೆ ಮೇಜಿನ ಮೇಲೆ ಬಿದ್ದಿರುತ್ತದೆ.

ನನ್ನ ಎರಡನೆಯದು ಹನ್ನೆರಡನೇ ವಿಧದ ಒಂದು ಕೈಯ ಖಡ್ಗ. ಕ್ಲಬ್ಬಿನ ಹಿರಿಯ ಸದಸ್ಯರೊಬ್ಬರಿಂದ ಸೆಕೆಂಡ್‌ಹ್ಯಾಂಡ್ ತಗೊಂಡೆ. ಇದು ಇಲ್ಲಿ ಯಾಕಿದೆ ಎಂದು ಒಂದು ವಾಕ್ಯದಲ್ಲಿ ಹೇಳಬಲ್ಲೆ. ಹಾಗೆ ಹೇಳಲು ಬರುವುದಾದರೆ ಎರಡೂ ಸಂಗ್ರಹವೇ. ಬರದಿದ್ದರೆ ಇಪ್ಪತ್ತಿದ್ದರೂ ಅದು ಗುಜರಿ.

ದಿನಚರಿಯೂ ಇದೆ. ಕಾರ್ಬನ್ ಉಕ್ಕಿಗೆ ಬೆರಳಿನ ಬೆವರೂ ಸಾಕು, ತುಕ್ಕು ಹತ್ತುತ್ತದೆ. ಮುಟ್ಟಿದ ಮೇಲೆ ಒರೆಸಿ ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಹಚ್ಚುತ್ತೇನೆ. ಕೊಬ್ಬರಿ ಎಣ್ಣೆ ಬೇಡ, ಅಂಟಾಗುತ್ತದೆ. ಚರ್ಮದ ಒರೆಯಲ್ಲಿ ತಿಂಗಳುಗಟ್ಟಲೆ ಇಡಬಾರದು, ಚರ್ಮ ತೇವ ಹಿಡಿಯುತ್ತದೆ.

ಕಾನೂನು ಮತ್ತು ಕೇಕು

ಜರ್ಮನಿಯಲ್ಲಿ 18 ತುಂಬಿದವರು ಖಡ್ಗ ಕೊಳ್ಳಬಹುದು. ಆದರೆ ಬೀದಿಯಲ್ಲಿ ಹಿಡಿದು ಓಡಾಡುವಂತಿಲ್ಲ. ಕ್ಲಬ್ಬಿಗೆ ಒಯ್ಯುವಾಗ ಬೀಗ ಹಾಕಿದ ಚೀಲದಲ್ಲಿರಬೇಕು, ರೂಮಿನಲ್ಲೂ ಬೀಗದೊಳಗೇ ಇಡಬೇಕು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳಿವೆ. ಮನೆಗೆಲಸ, ಬೇಸಾಯದಂಥ ಬಳಕೆಯವನ್ನು ಬಿಟ್ಟು, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಹರಿತ ಅಲಗು ಆಯುಧದ ಪಟ್ಟಿಗೆ ಸೇರುತ್ತದೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಅದಕ್ಕೆ ಲೈಸೆನ್ಸ್ ಬೇಕು. ತಲವಾರಿನಿಂದ ಕೇಕ್ ಕತ್ತರಿಸಿ, ರೀಲ್ಸ್ ಹಾಕಿ, ಮರುದಿನ ಪೊಲೀಸ್ ಠಾಣೆಯಲ್ಲಿ ತಲೆತಗ್ಗಿಸಿ ನಿಂತ ಹುಡುಗರ ಸುದ್ದಿಯನ್ನು ನೀವೂ ಓದಿರುತ್ತೀರಿ. ಕೆಲಸ ಹುಡುಕುವ ವಯಸ್ಸಿನಲ್ಲಿ ಒಂದು ಎಫ್‌ಐಆರ್ ಎಂದರೆ ಸರ್ಕಾರಿ ನೌಕರಿ, ಪಾಸ್‌ಪೋರ್ಟ್ ಎರಡಕ್ಕೂ ಅಡ್ಡಗಾಲು. ಹದಿನೈದು ಸೆಕೆಂಡಿನ ವಿಡಿಯೊಗೆ ಇಷ್ಟು ದುಬಾರಿ ಬೆಲೆಯೇ?

ನಾನೂ ಇನ್ನೊಂದು ವರ್ಷದಲ್ಲಿ ಓದು ಮುಗಿಸುತ್ತೇನೆ. ಆಮದಿಗೂ ಪರವಾನಗಿ ಬೇಕಿರುವುದರಿಂದ ಇವೆರಡನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರಲಾಗದು. ಊರಿಗೆ ಮರಳುವುದಾದರೆ ಫೆಡರ್ ಅನ್ನು ಕ್ಲಬ್ಬಿಗೇ ಕೊಡುತ್ತೇನೆ, ಹೊಸ ವಿದ್ಯಾರ್ಥಿಗಳಿಗೆ ಬೇಕಾಗುತ್ತದೆ. ಇನ್ನೊಂದನ್ನು ಕೊಟ್ಟವರಿಗೇ ವಾಪಸು. ಬೇಜಾರಿಲ್ಲವೇ ಎಂದರೆ, ಇದೆ. ಆದರೆ ಅಲಗನ್ನು ಓದುವ ಕಣ್ಣು ನನ್ನ ಜೊತೆ ಬರುತ್ತದೆ. ಅದಕ್ಕೆ ಕಸ್ಟಮ್ಸ್ ಇಲ್ಲ.

ಆ ಕಣ್ಣಿಗೆ ಕರ್ನಾಟಕದಲ್ಲಿ ಕೆಲಸ ಬೇಕಾದಷ್ಟಿದೆ. ನಿಮ್ಮೂರಿನ ಕೆರೆ ಏರಿಯ ಮೇಲೆ, ಗುಡಿಯ ಹಿಂದೆ ಒಂದು ವೀರಗಲ್ಲು ನಿಂತಿರಬಹುದು. ಅದರಲ್ಲಿರುವ ವೀರನ ಕೈಯ ಖಡ್ಗ ನೇರವೋ, ಬಾಗಿದೆಯೋ? ತುದಿ ಅಗಲವೋ, ಚೂಪೋ? ಹಿಡಿಯ ತುದಿಯಲ್ಲಿ ಏನಿದೆ? ಹತ್ತು ಊರಿನ ಹತ್ತು ಕಲ್ಲು ನೋಡಿ ಚಿತ್ರ ಬರೆದುಕೊಳ್ಳಿ, ಶಾಸನದಲ್ಲಿ ಕಾಲ ಇದ್ದರೆ ಪಕ್ಕದಲ್ಲಿ ಗುರುತು ಹಾಕಿ. ವಿಜಯಪುರದ ಗೋಲಗುಮ್ಮಟದ ಮುಂದಿರುವ ವಸ್ತುಸಂಗ್ರಹಾಲಯದಲ್ಲಿ ಆಯುಧಗಳನ್ನು ಹತ್ತಿರದಿಂದ ನೋಡಬಹುದು. ಕೈಯಲ್ಲಿ ಹಿಡಿಯಲೇಬೇಕು ಅನಿಸಿದರೆ ಫೆನ್ಸಿಂಗ್ ಕ್ರೀಡೆಯಿದೆ. ಟೋಕಿಯೊ ಒಲಿಂಪಿಕ್ಸ್‌ಗೆ ಹೋದ ಭವಾನಿ ದೇವಿ ನಮ್ಮ ಪಕ್ಕದ ಚೆನ್ನೈಯವರು.

ರಜೆಗೆ ಬಂದಾಗ ನಾನೂ ಒಂದು ನೋಟ್‌ಬುಕ್ ಹಿಡಿದು ವೀರಗಲ್ಲು ಹುಡುಕಿಕೊಂಡು ಹೊರಡುವವನಿದ್ದೇನೆ. ನಿಮ್ಮೂರಿನಲ್ಲಿ ಎಷ್ಟಿವೆ, ಎಣಿಸಿಟ್ಟಿರಿ.